ನಡುವಿನ ಗ್ರೂಪು

ಸೀಟಿ ಊದಿಯಾಯಿತು, ಧೂಳು ಇನ್ನೂ ಇಳಿದಿಲ್ಲ, ನಾಲ್ಕು ಹುಡುಗಿಯರ ಗುಡ್ಡೆಯ ಕೆಳಗಿನಿಂದ ಒಂದೇ ಒಂದು ಕೈ ಹೊರಗೆ ಚಾಚಿದೆ, ಅದು ನಮ್ಮ ನೀಲಾಳ ಕೈ, ನನ್ನ ಮೊಮ್ಮಗಳ ಕೈಯನ್ನು ಸಾವಿರ ಕೈಯೊಳಗೂ ಗುರುತು ಹಿಡಿಯುತ್ತೇನೆ, ಅದರ ಬಳೆ ಎರಡೂ ಈಗ ನನ್ನ ಸೆರಗಿನ ಗಂಟಿನಲ್ಲಿವೆ — ಬೆರಳುಗಳ ಮುಂದೆಯೇ ಸುಣ್ಣದ ಗೆರೆ, ಮುಟ್ಟಿದಳೋ ಇಲ್ಲವೋ, ರೆಫ್ರಿ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದಾನೆ, ಹಿರೇಕೆರೂರಿನ ಮೈದಾನವೆಲ್ಲ ಉಸಿರು ಹಿಡಿದಿದೆ, ಇಪ್ಪತ್ತೇಳಕ್ಕೆ ಇಪ್ಪತ್ತೇಳು, ಇದೇ ಕಡೆಯ ರೈಡು, ಗೆರೆ ಮುಟ್ಟಿದ್ದರೆ ನಾವು ಫೈನಲ್ಲಿಗೆ, ಇಲ್ಲದಿದ್ದರೆ ಅವರು. ಉಸಿರು ಹಿಡಿಯುವುದೆಂದರೆ ನನಗೆ ಹೇಳಬೇಕೇ, ಈ ಕರೆವ್ವ ಅಕ್ಕಿಆಲೂರಿನಲ್ಲಿ ಬಸ್ಸು ಹತ್ತುವಾಗ ಕಬಡ್ಡಿ ಕಬಡ್ಡಿ ಅಂತ ಹಿಡಿದ ಉಸಿರನ್ನು ಹಾನಗಲ್ಲಿನಲ್ಲಿ ಇಳಿದ ಮೇಲೆ ಬಿಟ್ಟವಳು, ನಡುವೆ ಉಸಿರು ಬಿಡಿಸಿದ ಪಾಪ ಯಾಕೆ ಅಂತ ಕಂಡಕ್ಟರ್ ಟಿಕೆಟ್ಟನ್ನೇ ಕೇಳಲಿಲ್ಲ, ಈ ಕಥೆ ಹೇಳಿದಾಗಲೆಲ್ಲ ಟೆಂಪೋ ಓಡಿಸುವ ಇನಾಯತ ನಗುತ್ತಾನೆ, ಆಯಿ, ನಿಮ್ಮ ಮಾತಿನಾಗ ಅರ್ಧಾ ಕಳದು ಕೇಳ್ತೇನಿ ನಾ, ಅಂದ್ರ ನಡುದಾರಿತನಕ ಉಸುರು ಹಿಡದಿದ್ರಿ, ಆತಲ್ರಿ. ನಾನು ದುಡಿದ ಮಿಲ್ಲಿನಲ್ಲಿ ಎರಡು ಕಂಕುಳಲ್ಲಿ ಎರಡು ಅಕ್ಕಿ ಚೀಲ ಹೊತ್ತೆ ಅಂದರೆ ಒಂದು ಚೀಲ ಅನ್ನುತ್ತಾನೆ. ಅನ್ನಲಿ, ಒಂದಾದರೂ ಹೊತ್ತೆನಲ್ಲ.

ಈಗ ಅವನು ನಗುತ್ತಿಲ್ಲ, ಟೆಂಪೋದ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದಾನೆ, ಅವನ ಮಗಳು ಮದಿಹಾ ಅಂಗಳದ ಹೊರಗೆ ಮೊಣಕಾಲೂರಿ ಕೂತಿದ್ದಾಳೆ, ಎಡಮೂಲೆ ಹಿಡಿಯುವವಳು, ಪಾದ ಹಿಡಿದಳೆಂದರೆ ಬಿಡುವ ಮಾತಿಲ್ಲ, ಆ ಹುಡುಗಿಯ ಆಟ ಇವತ್ತಿಗೇ ಮುಗಿಯುತ್ತದೋ ಮುಂದೆ ಇರುತ್ತದೋ ಅವಳ ಅಪ್ಪನ ಆ ಕಟ್ಟಿದ ಕೈಯಲ್ಲಿದೆ. ಎಲ್ಲ ನನ್ನ ನಾಲಿಗೆಯಿಂದ. ನನ್ನನ್ನು ಜೊತೆಗೆ ಕಳಿಸಿದ್ದು ನಾಲಿಗೆಗಲ್ಲ, ನರೆಗೂದಲಿಗೆ, ಹಿರಿ ಹೆಂಗಸು ಒಬ್ಬಾಕಿ ಕೂಡ ಹೋಗೂದಾದ್ರ ಅಷ್ಟ ಹುಡುಗ್ಯಾರನ್ನ ಪರಊರಿಗೆ ಬಿಡ್ತೇವಿ ಅಂದರು ಮನೆಯವರೆಲ್ಲ, ಆಟ ಕಲಿಸುವ ಸುಧಾರಾಣಿ ಟೀಚರಿಗೆ ಕೈಗೂಸು, ಸರಿ, ಕರೆವ್ವ ಹೊರಟಳು, ರೊಟ್ಟಿ ಗಂಟು, ಶೇಂಗಾ ಚಟ್ನಿ, ಹನ್ನೊಂದು ಹುಡುಗಿಯರ ಬಳೆ ಕಾಲ್ಗೆಜ್ಜೆ ಎಲ್ಲ ಸೆರಗಿನಲ್ಲಿ ಗಂಟು, ನಡೆದರೆ ಜಾತ್ರೆ ಎತ್ತಿನ ಹಾಗೆ ಝಲ್ ಝಲ್ ಅನ್ನುತ್ತೇನೆ. ಮೊದಲು ಶಿಗ್ಗಾಂವಿ. ಅಲ್ಲಿ ಸಣ್ಣ ಗ್ರೂಪು, ನಲವತ್ತೈದು ಕೆಜಿಯೊಳಗಿನವರು, ಮೂವತ್ತೆಂಟಕ್ಕೆ ನಾಲ್ಕು ಗೆದ್ದೆವು, ನಾನು ಮೈದಾನದ ಅಂಚಿನಲ್ಲಿ ಕುಣಿದೆ, ನೀಲಾ ಎದುರಿನ ಅಂಗಳದಲ್ಲಿ ನಿಂತು ಕಿವಿ ತುರಿಸಿಕೊಳ್ಳುತ್ತ ರೈಡು ಮಾಡಿದಳು, ಅಷ್ಟು ಪುರಸೊತ್ತು, ಆ ಕಡೆ ಒಂದು ಪುಟ್ಟ ಹುಡುಗಿ ಹಲ್ಲು ಬಿದ್ದ ಬಾಯಿ ತೆರೆದು ಅಳುತ್ತಿದ್ದಳು, ಅವಳ ಕೈಗೆ ಗೆದ್ದ ಕಪ್ಪಿನ ಬದಲು ನಮ್ಮ ರೊಟ್ಟಿ ಕೊಟ್ಟು ಬಂದೆ. ದಾರಿಯಲ್ಲಿ ಹುಡುಗಿಯರು ಹಾಡಲೇ ಇಲ್ಲ. ಗೆದ್ದವರು ಹಾಡಬೇಕಲ್ಲ. ನೀಲಾ ಕಪ್ಪನ್ನು ಕಾಲಬುಡದಲ್ಲಿ ಇಟ್ಟುಕೊಂಡು, ಆಯಿ, ಇದು ಆಟ ಅಲ್ಲ ಅಂದಳು. ಆಟ ಅಲ್ಲದೆ ಮತ್ತೇನು, ನನಗೆ ತಿಳಿಯಲಿಲ್ಲ, ತಿಳಿಯದಿದ್ದರೂ ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದೆ, ಇಂಥ ಹುಲಿಗಳನ್ನು ಮೇಲಕ್ಕೆ ಹತ್ತಿಸಬೇಕು, ಎಲ್ಲಕ್ಕಿಂತ ಮೇಲಕ್ಕೆ — ಅವಳ ಬೆರಳು ಅಲುಗಿತೇ ಈಗ, ಇಲ್ಲ, ಮೇಲೆ ಬಿದ್ದವಳು ಅಲುಗಿದ್ದು, ಬೆರಳ ತುದಿ ಬೆಳ್ಳಗೆ ಕಾಣುತ್ತಿದೆ, ಸುಣ್ಣವೋ, ಒತ್ತಿ ಹಿಡಿದು ರಕ್ತ ಸರಿದ ಬಿಳುಪೋ.

ಮುಂದಿನ ಆಟ ಸವಣೂರಿನಲ್ಲಿ, ಅಲ್ಲಿ ಹೆಸರು ಬರೆಯುವ ಮೇಜಿನ ಮುಂದೆ ನಿಂತಾಗ ನನಗೇನಾಗಿತ್ತೋ, ಎಲೆ ಅಡಿಕೆ ಬಾಯಲ್ಲಿತ್ತು, ಸುತ್ತ ಜನ ಇದ್ದರು, ಜನ ಕಂಡರೆ ನನ್ನ ಬಾಯಿ ನನ್ನದಾಗಿ ಉಳಿಯುವುದಿಲ್ಲ. ಸಣ್ಣ ಗ್ರೂಪೋ ದೊಡ್ಡ ಗ್ರೂಪೋ ಯಮ್ಮಾ ಅಂತ ಬರೆಯುವವನು ಕೇಳಿದ, ಅಲ್ಲಿ ನಡುವಿನದು ಇರಲೇ ಇಲ್ಲ, ಸಣ್ಣದು ಬಿಟ್ಟರೆ ತೂಕವೇ ಕೇಳದ ದೊಡ್ಡದು, ನಾನಂದೆ, ಏ ತಮ್ಮಾ, ಧಾರವಾಡದ ಸ್ಪೋರ್ಟ್ಸ್ ಹಾಸ್ಟೆಲ್ ಹುಡುಗ್ಯಾರನ್ನ ಮುಗಿಸಿ ಬಂದಾರ ಇವರು, ನಮ್ಮ ನೀಲಾ ಕಾಲು ಝಾಡಿಸಿದ್ರ ಮೂರು ಮಂದಿ ಹಾರಿ ಬೇಲಿ ಆಚಿ ಬೀಳ್ತಾರ, ಬರಕೋ ದೊಡ್ಡದರಾಗ. ಅವನು ಬರೆದೇಬಿಟ್ಟ. ಇಷ್ಟು ವರ್ಷ ಇಷ್ಟು ಹೇಳಿದ್ದೇನೆ, ಯಾರೂ ಬರೆದುಕೊಂಡಿರಲಿಲ್ಲ. ಎದುರಿಗೆ ಬಂದವರು ಹುಡುಗಿಯರಲ್ಲ, ಕಾಲೇಜು ಮುಗಿಸಿದ ಗಟ್ಟಿಗಿತ್ತಿಯರು, ಒಬ್ಬೊಬ್ಬಳ ತೊಡೆ ನಮ್ಮ ಮಿಲ್ಲಿನ ಕಂಬದಷ್ಟು, ಇದರಲ್ಲಿ ಅರ್ಧ ಕಳೆಯಬೇಕಾಗಿಲ್ಲ, ನಲವತ್ಮೂರಕ್ಕೆ ಐದು ಸೋತೆವು, ಐದರಲ್ಲಿ ಮೂರು ಅವರೇ ಗೆರೆ ತುಳಿದು ಕೊಟ್ಟಿದ್ದು. ಮದಿಹಾ ಒಬ್ಬಳ ಕಾಲು ಹಿಡಿದವಳು ಬಿಡಲಿಲ್ಲ, ಬಟ್ಟೆ ಒಗೆದಂತೆ ಒಗೆದಳು ಆ ಹೆಣ್ಣು, ಮೊಣಕೈ ಬಾತು ನೀಲಿಗಟ್ಟಿತು. ವಾಪಸು ಬರುವಾಗ ಟೆಂಪೋದಲ್ಲಿ ಸೆರಗಿನ ಗೆಜ್ಜೆ ಮಾತ್ರ ಸದ್ದು ಮಾಡಿತು, ಕೈಯಿಂದ ಅದುಮಿ ಹಿಡಿದೆ. ಇನಾಯತ ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಅಂದ, ಆಯಿ, ಆಟಕ್ಕ ಕಳಸಾಕ ನಂದೇನು ಬ್ಯಾಡನ್ನೂದಿಲ್ರಿ, ಖರೇ ಹೊಡತಾ ತಿನ್ನಾಕ ಕಳಸೂದಿಲ್ಲ, ಇನ್ನೊಮ್ಮಿ ಹಿಂಗಾತು ಅಂದ್ರ ಮದಿಹಾಂದು ಬಂದ್ ರಿ, ಬಸ್. ಮದಿಹಾ ಬಿಟ್ಟರೆ ಶಾಕೀರಾ ಬಿಡುತ್ತಾಳೆ, ಐಶ್ವರ್ಯಾಳ ಅವ್ವ ಮಗಳನ್ನು ಬಿಡಿಸಲು ಕಾಯುತ್ತಲೇ ಇದ್ದಾಳೆ, ಒಂದು ಎಳೆ ಜಗ್ಗಿದರೆ ಇಡೀ ಟೀಮೇ ಬಿಚ್ಚುತ್ತದೆ. ನೀಲಾ ಬೈಯಲಿಲ್ಲ, ಬೈದಿದ್ದರೆ ಚಂದಿತ್ತು, ಮನೆಯ ಮುಂದೆ ಇಳಿದು ಬಳೆ ಕೇಳಿ ಇಸಿದುಕೊಂಡಳು, ಆಯಿ, ನೀ ಹೇಳಿದ ನೀಲಾ ನಾ ಅಲ್ಲಬೇ, ಆಕಿನ್ನ ಎಲ್ಲಿಂದ ತರ್ಲಿ ನಾ.

ಆ ಮಾತು ಎದೆಯಲ್ಲಿ ಅಕ್ಕಿಯೊಳಗಿನ ಹರಳಿನಂತೆ ಉಳಿಯಿತು, ಒಂದು ತಿಂಗಳು ಉಳಿಯಿತು, ಆ ತಿಂಗಳಲ್ಲಿ ಯಾರಿಗೂ ಬಸ್ಸಿನ ಕಥೆ ಹೇಳಲಿಲ್ಲ, ಕರೆವ್ವಗ ಮೈಯಾಗ ಆರಾಮಿಲ್ಲೇನು ಅಂತ ಓಣಿಯವರು ಕೇಳಿದರು. ಇವತ್ತು ಬೆಳಿಗ್ಗೆ ಇಲ್ಲಿ ಅದೇ ಥರದ ಮೇಜು, ಅದೇ ಥರದ ಜನ, ಯಮ್ಮಾ, ನಿಮ್ದು ಯಾವ ಗ್ರೂಪು, ಧಾರವಾಡದ ಹಾಸ್ಟೆಲ್ಲು ನಾಲಿಗೆಯ ತುದಿಗೆ ಬಂದು ಚಪ್ಪಲಿ ಮೆಟ್ಟಿ ನಿಂತಿತ್ತು, ನೀಲಾ ಪಕ್ಕದಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು, ನುಂಗಿದೆ, ತಮ್ಮಾ, ಶಿಗ್ಗಾವ್ಯಾಗ ಮೂವತ್ತೆಂಟಕ್ಕ ನಾಕು ಗೆದ್ದೇವಿ, ಸವಣೂರಾಗ ನಲವತ್ಮೂರಕ್ಕ ಐದು ಸೋತೇವಿ, ಇವೆರಡರ ನಡುವ ಏನರ ಐತೇನೋ ನಿಮ್ಮ ಕಡೆ. ಅವನು ಪೆನ್ನು ಕೆಳಗಿಟ್ಟು ನಕ್ಕ, ಐತಿ ಯಮ್ಮಾ, ಐವತ್ತೈದು ಕೆಜಿ ಐತಿ, ಹಿಂಗ ಖರೇ ಹೇಳಿದಾಕಿ ಇವತ್ತು ನೀ ಒಬ್ಬಾಕಿನ ನೋಡು. ಗೋವಿನಜೋಳ ತೂಗುವ ಕಾಟಾದ ಮೇಲೆ ಒಬ್ಬೊಬ್ಬಳನ್ನೇ ನಿಲ್ಲಿಸಿದರು, ನಲವತ್ತೆರಡು, ನಲವತ್ನಾಲ್ಕು, ನಮ್ಮ ಚೀಲಗಳು ಹಗುರ, ಯಮ್ಮಾ ತಡೀತಾರೇನಬೇ ಅಂದ ಕಾಟಾದವನು. ತಡೆದರು, ನನ್ನಪ್ಪಾ ಹೆಂಗೆ ತಡೆದರು, ಅವರೊಂದು ತಂದರೆ ಇವರೊಂದು, ಮದಿಹಾ ಹಿಡಿದ ಪಾದ ಈ ಸಲ ಅಲ್ಲೇ ನಿಂತಿತು, ನೀಲಾಗೆ ಕಿವಿ ತುರಿಸುವ ಪುರಸೊತ್ತಿರಲಿಲ್ಲ, ಗಂಟಲ ನರ ಉಬ್ಬಿ ಕಬಡ್ಡಿ ಕಬಡ್ಡಿ, ಅಷ್ಟು ಉದ್ದ ಉಸಿರು ಅವಳಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ, ಕಥೆ ಕಟ್ಟುವ ನನಗೇ, ಕಡೆಯ ರೈಡಿನಲ್ಲಿ ನಾಲ್ವರು ಬಿದ್ದರು ಮೇಲೆ, ನಾಲ್ವರನ್ನೂ ಎಳೆದುಕೊಂಡು ತೆವಳಿದಳು, ಎಳೆದಳು, ಮತ್ತೆ ಎಳೆದಳು —

ರೆಫ್ರಿ ಎದ್ದ. ಕೈ ಎದುರಿನವರ ಕಡೆ ತೋರಿಸಿದ. ಆ ಊರಿನವರು ಕುಣಿಯುತ್ತಿದ್ದಾರೆ, ಕುಣಿಯಲಿ, ಗುಡ್ಡೆ ಬಿಚ್ಚಿತು, ನೀಲಾ ಏಳುವುದಿಲ್ಲ, ಮಲಗಿದಲ್ಲೇ ತನ್ನ ಕೈ ನೋಡುತ್ತಿದ್ದಾಳೆ, ಗೆಜ್ಜೆ ಝಲ್ ಅನ್ನಿಸುತ್ತ ಓಡಿದೆ, ಅಳುತ್ತಾಳೆ ಅಂದುಕೊಂಡಿದ್ದೆ, ಹಲ್ಲೆಲ್ಲ ಮಣ್ಣು, ನಗುತ್ತಿದ್ದಾಳೆ, ಆಯಿ, ಇದು ಆಟ ನೋಡಬೇ, ಇದು ಆಟ. ಮದಿಹಾ ಅವಳ ಮೇಲೆ ಬಿದ್ದು ಏ ಇನ್ನೊಂಚೂರು ಚಾಚಬೇಕಿತ್ತಲ್ಲಲೇ ಹುಚ್ಚಿ ಅಂತ ಬೆನ್ನಿಗೆ ಗುದ್ದುತ್ತಿದ್ದಾಳೆ, ಹಿಂದೆ ಹೆಜ್ಜೆ ಸದ್ದು, ಇನಾಯತ, ಕಟ್ಟಿದ ಕೈ ಬಿಚ್ಚಿದೆ, ಮಗಳ ಮೊಣಕೈ ಹಿಡಿದು ತಿರುಗಿಸಿ ನೋಡಿದ, ಬಿಟ್ಟ, ಕೆಮ್ಮಿದ, ಆಯಿ, ಬರೂ ಐತಾರ ಎಲ್ಲೈತ್ರಿ ಆಟ. ರಟ್ಟೀಹಳ್ಳ್ಯಾಗಂತಪ್ಪ ಅಂದೆ. ನಡುವಿನ ಗ್ರೂಪ ಐತೇನ್ರಿ ಅಲ್ಲೆ. ಐತಿ. ಬಗ್ಗಿ ಗೆರೆ ನೋಡಿ ಕೇಳಿದ, ಎಷ್ಟಕ್ಕ ತಪ್ಪಿತ್ರಿ. ಊರಿಗೆ ಹೋದ ಮೇಲೆ ಎಲ್ಲರೂ ಇದನ್ನೇ ಕೇಳುತ್ತಾರೆ, ಕೂದಲೆಳೆಯಷ್ಟು ಅನ್ನಬಹುದು, ಮುಟ್ಟೇಬಿಟ್ಟಿದ್ದಳು, ರೆಫ್ರಿ ಕುರುಡ ಅನ್ನಬಹುದು, ಹತ್ತು ಕಥೆ ಕಟ್ಟಬಹುದು, ಒಂದೂ ಬೇಕಾಗಿಲ್ಲ, ಮಿಲ್ಲಿನಲ್ಲಿ ನಲವತ್ತು ವರ್ಷ ಅಕ್ಕಿ ಕೇರಿದ ಕಣ್ಣು ಇದು, ಒಂದ ಅಕ್ಕಿಕಾಳಿನಷ್ಟೋ ತಮ್ಮಾ ಅಂದೆ. ಅಂದ್ರ ಅರ್ಧಾ ಕಾಳು, ಆತಲ್ರಿ. ಇಲ್ಲೋ, ಅರ್ಧಾ ಕಳೀಬ್ಯಾಡ ಇವತ್ತು, ಪೂರಾ ಒಂದು, ಬೇಕಾದ್ರ ಕಾಳು ಇಟ್ಟು ನೋಡು — ನೀಲಾ ಇನ್ನೂ ಕೈ ತೆಗೆದಿಲ್ಲ, ಬಿಳಿ ಗೆರೆ, ಈಚೆಗೆ ನಾಲ್ಕು ಬೆರಳು, ನಡುವೆ ಒಂದು ಅಕ್ಕಿಕಾಳಿನಷ್ಟು ಮಣ್ಣು, ಬಿಳಿ ಗೆರೆ, ನಾಲ್ಕು ಬೆರಳು, ಒಂದು ಅಕ್ಕಿಕಾಳು