ಅಣ್ಣನ ಅಂಗಿ

ನಮ್ಮ ಅಣ್ಣ ಶಿವಕಾಂತ ಮಾಡಿದ ತಪ್ಪು ಇಷ್ಟೇ. ಬೀದರಿನ ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ತೊಗರಿ ಚೀಲ ಇಳಿಸುತ್ತಾ, "ಭಾಲ್ಕಿಗಿ ದಿನಾ ರೈಲ ಬರ್ತದ ಅಂತೀರಲ್ಲ, ಎಲ್ಲಿ ಬರ್ತದ್ರಿ?" ಎಂದು ಜೋರಾಗಿ ಕೇಳಿಬಿಟ್ಟ. ರೈಲು ನಿಂತು ಎಷ್ಟೋ ತಿಂಗಳಾಗಿತ್ತು. ಬರುತ್ತಿದೆ ಎಂದು ನಮ್ಮನ್ನಾಳುವ ಒಮ್ಮತ ಸಮಿತಿಯ ಮೈಕು ದಿನವೂ ಕೂಗುತ್ತಿತ್ತು. ಮಂದಿ ಹೆದರಿ ಸ್ಟೇಷನ್ನಿಗೆ ಹೋಗಿ, ರೈಲು ಬಂದಂತೆ ಖಾಲಿ ಹಳಿಗೆ ಕೈಬೀಸಿ ಬರುತ್ತಿದ್ದರು, ನಾಚಿಕೆಗೆಟ್ಟವರು. ಅವತ್ತು ಗಂಜಿಗೆ ಹೋದ ಅಣ್ಣ ಮನೆಗೆ ಬರಲಿಲ್ಲ.

ಹುಣ್ಣಿಮೆ ಕಳೆದ ಮೇಲೆ ಸಮಿತಿಯ ಸತೀಶಕುಮಾರ ಜೀಪಿನಲ್ಲಿ ನಮ್ಮೂರು ಮೆಹಕರಕ್ಕೆ ಬಂದ. ಇಸ್ತ್ರಿ ಬಟ್ಟೆ, ಬೆಲ್ಲದಂಥ ಮಾತು. ಜೊತೆಗೆ ಯಾವನೋ ಒಬ್ಬ ಹುಡುಗ.

"ತೊಗೊಳ್ರಿ ಹೀರಾಬಾಯಿ, ನಿಮ್ಮ ಮಗ. ಜಡ್ಡಾಗಿದ್ದ, ಆರಾಮ ಮಾಡಿ ತಂದೀವಿ," ಎಂದು ಅವ್ವನಿಗೆ ಹೇಳಿದ.

ಅಣ್ಣ ಕುಳ್ಳ, ಇವನು ಉದ್ದ. ಆದರೆ ಇವನು ತೊಟ್ಟಿದ್ದು ಅಣ್ಣ ಅವತ್ತು ಹಾಕಿಕೊಂಡು ಹೋದ ಅಂಗಿ. ನೀಲಿ ದಾರ ತೀರಿದ್ದಕ್ಕೆ ಅವ್ವ ಕರಿ ದಾರದಲ್ಲಿ ಜೇಬು ಹೊಲಿದಿದ್ದಳು. ಅಂಗಿಯನ್ನು ಒಗೆದಿರಲಿಲ್ಲ. ಅಣ್ಣನ ಬೆವರು, ನಮ್ಮ ಕುರಿಗಳ ವಾಸನೆ ಹಾಗೇ ಇತ್ತು.

"ಇವ ನಮ್ಮಣ್ಣ ಅಲ್ರಿ," ಎಂದೆ.

ಸತೀಶಕುಮಾರ ಸಿಟ್ಟಾಗಲಿಲ್ಲ. ಪಕ್ಕದ ಮನೆಯ ಬಸವಣ್ಣೆಪ್ಪ ಕಾಕಾನನ್ನು ಕರೆದು, "ಇವ ಯಾರ್ರಿ?" ಎಂದು ಕೇಳಿದ. ಅಣ್ಣನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಕಾಕಾ ನೆಲ ನೋಡುತ್ತಾ, "ಶಿವಕಾಂತನೇ ಅದಾನ್ರಿ," ಎಂದ. ಓಣಿಯೆಲ್ಲ ಅದನ್ನೇ ಹೇಳಿತು.

"ನೋಡವಾ ಸಿದ್ದೇಶ್ವರಿ, ಬಾಳ ಅತ್ತೀದಿ. ನಿನಗೇ ತಲಿ ಸರಿ ಇಲ್ಲ," ಎಂದು ಸತೀಶಕುಮಾರ ನನ್ನ ತಲೆ ಸವರಿದ. ಆ ಕೈ ಕಡಿಯಬೇಕಿತ್ತು.

ಹುಡುಗ ಅಣ್ಣನ ಜಾಗದಲ್ಲಿ ಕೂತು ಉಂಡ. ಅವ್ವ ಬಡಿಸಿದಳು. ನನಗೆ ಮೈಯೆಲ್ಲ ಉರಿಯಿತು.

"ಸುಮ್ನಿರು," ಎಂದಳು ಅವ್ವ ಒಲೆಯ ಮುಂದೆ. "ಇವನಿಗಿ ಉಣ್ಣಾಕ ಹಾಕಿದ್ರ ನನ್ನ ಮಗನ್ನ ಬಿಟ್ಟಾರು."

ಅದೊಂದೇ ಆಸೆಯಲ್ಲಿ ಅವಳು ಉಸಿರಾಡುತ್ತಿದ್ದಳು. ನನ್ನ ಗತಿ ಬೇರೆಯೇ ಆಯಿತು. ಒಂದು ಮುಂಜಾನೆ ಅವನಿಗೆ, "ಅಣ್ಣಾ, ನೀರು ತೊಗೋ," ಎಂದುಬಿಟ್ಟೆ. ಅಂಗಿ ಅಣ್ಣನದು, ವಾಸನೆ ಅಣ್ಣನದು, ಊರೇ ಹೌದೆನ್ನುತ್ತಿದೆ. ಅಣ್ಣ ಉದ್ದವೇ ಇದ್ದನೇನೋ ಅನ್ನಿಸಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಆ ವಾರ ನಮ್ಮ ಒಂದು ಕುರಿಯ ಮರಿ ಸತ್ತಿತು. ಇನ್ನೊಂದು ಮರಿ ತಾಯಿಯಿಲ್ಲದೆ ಒದರುತ್ತಿತ್ತು. ಅವ್ವ ಯಾವಾಗಲೂ ಮಾಡುವುದನ್ನೇ ಮಾಡಿದಳು. ಸತ್ತ ಮರಿಯ ಚರ್ಮ ಸುಲಿದು, ತಬ್ಬಲಿ ಮರಿಗೆ ಹೊದಿಸಿ ಕಟ್ಟಿ, ಕುರಿಯ ಮುಂದೆ ಬಿಟ್ಟಳು. ಕುರಿ ಮೂಸಿ ನೋಡಿತು. ತನ್ನದೇ ಎಂದುಕೊಂಡು ಹಾಲು ಕೊಟ್ಟಿತು.

ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ ಹುಡುಗ ನಕ್ಕ. "ಕುರಿ ಎಷ್ಟ ದಡ್ಡ ಇರ್ತಾವ್ರಿ!"

ಅವ್ವ ಕೈಯ ರಕ್ತ ಒರೆಸಿಕೊಳ್ಳುತ್ತಾ ಅವನ ಅಂಗಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಅಲ್ಲೇ ಹಿಕ್ಕೆಯ ಮೇಲೆ ಕುಸಿದು ಕೂತಳು.

ಮರುದಿನ ಸಮಿತಿಯವರು ಕಾಕಾನ ಸಮೇತ ನಮ್ಮನ್ನೆಲ್ಲ ಭಾಲ್ಕಿ ಸ್ಟೇಷನ್ನಿಗೆ ಕರೆದೊಯ್ದರು. ಕೈಬೀಸಲು ಬಂದ ಮಂದಿಯ ಮುಂದೆ ಅವ್ವ, "ಇವ ನನ್ನ ಮಗ," ಎಂದು ಮೈಕಿನಲ್ಲಿ ಹೇಳಬೇಕಿತ್ತು.

"ಒಂದೇ ಮಾತು ಅನ್ರಿ," ಎಂದು ಸತೀಶಕುಮಾರ ಅವಳ ಕಿವಿಯಲ್ಲಿ ಹೇಳಿದ. "ಇಲ್ಲಂದ್ರ ನಿಮ್ಮ ಮಗಳಿಗೂ ಜಡ್ಡ ಬರ್ತದ."

ಅವ್ವ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ, ಹೇಳಬೇಡ ಎಂದು. ಅವಳು ಮೈಕು ಹಿಡಿದಳು.

"ನಾ ಕುರಿ ಸಾಕಿದಾಕಿ. ಒಂದರ ಚರ್ಮ ಇನ್ನೊಂದಕ್ಕ ಹೊಚ್ಚೋದು ನನಗೂ ಗೊತ್ತದ. ಆದ್ರ ಜೀವಂತ ಮರಿ ಚರ್ಮ ಯಾರೂ ಸುಲಿಯಂಗಿಲ್ರಿ." ಹುಡುಗನ ಅಂಗಿಯ ಜೇಬು ಹಿಡಿದು ಜಗ್ಗಿ, ಸತೀಶಕುಮಾರನ ಕಡೆ ತಿರುಗಿದಳು. "ನನ್ನ ಮರಿ ಎಲ್ಲಿ ಹುಗದೀರಿ, ಸಾಹೇಬ್ರ?"

ಮೈಕು ನಿಂತುಹೋಯಿತು. ಅಣ್ಣ ಇಲ್ಲವೆಂದು ನನಗೆ ಆಗ ತಿಳಿಯಿತು. ಸಮಿತಿಯವರು ನಮ್ಮಿಬ್ಬರನ್ನೂ ಜೀಪಿನ ಕಡೆ ಎಳೆಯುವಾಗ ಹುಡುಗ ಅಂಗಿ ಬಿಚ್ಚಿ ಅವ್ವನ ಉಡಿಗೆ ಹಾಕಿದ. ಅವಳು ಅದಕ್ಕೆ ಮೂಗಿಟ್ಟು ಕೂಗಿದಳು.

ಕಾಕಾ ಆಗಲೂ ನೆಲವನ್ನೇ ನೋಡುತ್ತಿದ್ದ.