ತೆನೆ ಸಮೇತ

ಪಕ್ಕದ ಹೊಲದ ಮಾದಯ್ಯ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಸುಕಿನ ಜೋಳದ ತೆನೆಗಳನ್ನು ಒಂದೊಂದಾಗಿ ಮುರಿದು ಟವೆಲಿನ ಮೇಲೆ ಹಾಕುತ್ತಿದ್ದ. ದಂಟು ಕುಯ್ದು ಜಾಗ ಮಾಡಿದರೆ ತಾನೇ ಗುಂಡಿ ತೋಡುವುದು. ದೇವಿರಮ್ಮನನ್ನು ಅವಳ ಹೊಲದಲ್ಲೇ ಮಣ್ಣು ಮಾಡುವುದೆಂದು ಪೂರಿಗಾಲಿಯ ಹಿರಿಯರು ಹೇಳಿದ್ದರು.

ಗಂಡ ನಾಗಯ್ಯ ಬದುವಿನ ಮೇಲೆ ಕೂತಿದ್ದ. ರಾತ್ರಿ ಎದೆನೋವು ಎಂದು ಮಲಗಿದ ಹೆಂಡತಿ ಬೆಳಗ್ಗೆ ಎದ್ದಿರಲಿಲ್ಲ. ಅವನಿನ್ನೂ ಅತ್ತಿರಲಿಲ್ಲ, ಬಂದವರ ಕಣ್ಣೆಲ್ಲ ಅವನ ಮೇಲೇ. ಮಗಳು ಅರ್ಪಿತ ಬಂದು, ಹಸುಗಳಿಗೆ ಯಾರೂ ಮೇವು ಹಾಕಿಲ್ಲ, ಒಂದೇ ಸಮನೆ ಕೂಗುತ್ತಿವೆ ಎಂದಳು.

*

ಬೀಜ ತಂದವಳು ದೇವಿರಮ್ಮನೇ. ಈ ಹೈಬ್ರಿಡ್ಡು ಕಾಳಿಗೂ ಸೈ, ರಸಮೇವಿಗೂ ಸೈ ಎಂದಿದ್ದ ಮಳವಳ್ಳಿಯ ಅಂಗಡಿಯವನು. ತೆನೆ ಬಲಿತರೂ ಗರಿ ಹಸಿರಾಗಿಯೇ ಇರುತ್ತದಂತೆ, ಗಾಳಿಗೆ ದಂಟು ಬೀಳುವುದಿಲ್ಲವಂತೆ. ಎರಡಕ್ಕೂ ಸೈ ಎಂದಮೇಲೆ ಗಂಡಹೆಂಡಿರ ಜಗಳಕ್ಕೆ ಇನ್ನೇನು ಬೇಕು? ನಾಗಯ್ಯ ಕಾಳಿನ ಕಡೆ, ಅವಳು ಹಸುಗಳ ಕಡೆ. ತೆನೆ ಸಮೇತ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿಟ್ಟರೆ ರಸಮೇವಾಗಿ, ಬೇಸಿಗೆಯಲ್ಲೂ ಹಸುಗಳ ಹೊಟ್ಟೆ ತುಂಬುತ್ತದೆ ಎನ್ನುತ್ತಿದ್ದಳು.

ಹೋದ ವಾರ ಒಂದು ತೆನೆ ಸುಲಿದು ಅವನ ಮುಂದೆ ಹಿಡಿದಿದ್ದಳು.

"ಉಗುರಿಟ್ಟು ನೋಡು. ಬರೋ ವಾರಕ್ಕೆ ಕಾಳು ಅರ್ದ ಗಟ್ಟಿ ಆಗಿ, ಅರ್ದ ಆಲು ಇರ್ತದೆ. ಆಗ್ಲೇ ಕುಯ್ಬೇಕು."

"ಕೈಗೆ ಬಂದಿರೋ ಕಾಳ್ನ ದನಕ್ಕಾಕಾದಾ? ನಾನಿರೋಗಂಟ ಆಗಾಕಿಲ್ಲ."

"ಆಯ್ತು ಬುಡು, ನೀನೋದ್ಮೇಲೇ ಕುಯ್ಸ್ತೀನಿ" ಎಂದು ಅವಳು ನಕ್ಕಿದ್ದಳು. ಅವನಿಗೂ ನಗು ಬಂದಿತ್ತು, ಆದರೆ ತೋರಿಸಿಕೊಂಡಿರಲಿಲ್ಲ.

*

ನಾಗಯ್ಯ ಎದ್ದು ಬಂದ. ಟವೆಲಿನಿಂದ ಒಂದು ತೆನೆ ಎತ್ತಿಕೊಂಡು, ಸಿಪ್ಪೆ ಬಿಡಿಸಿ, ಕಾಳಿಗೆ ಉಗುರಿಟ್ಟ. ಮೇಲುಗಡೆ ಗಟ್ಟಿ. ಬುಡದಲ್ಲಿ ಹಾಲು ಒಸರಿತು. ಆಗ ಅವನಿಗೆ ಅಳು ಬಂತು, ತಡೆಯಲಾಗಲಿಲ್ಲ.

"ತೆನೆ ಮುರೀಬ್ಯಾಡ ಕಣ್ಲಾ, ಮಾದ" ಎಂದ, ಮೂಗು ಒರೆಸಿಕೊಂಡು. "ತೆನೆ ಸಮೇತ ಕುಯ್ಯಿ. ಮಿಕ್ಕಿದ್ದಕ್ಕೆ ನಾಳೀಕೆ ಮೇವು ಕತ್ರಿಸೋ ಮಿಶಿನ್ ಬರಾಕೇಳ್ತೀನಿ."

ದುಃಖಕ್ಕೆ ಇವನ ತಲೆ ಕೆಟ್ಟಿತೇನೋ ಎಂದು ಮಾದಯ್ಯ ಅವನನ್ನೇ ನೋಡಿದ. ಆಮೇಲೆ ದಂಟಿನ ಬುಡಕ್ಕೆ ಕುಡುಗೋಲು ಹಾಕಿದ.

ಮೊದಲ ಹೊರೆಯನ್ನು ನಾಗಯ್ಯ ತಾನೇ ಹೊತ್ತ. ಅಂಗಳದಲ್ಲಿ ಮಲಗಿಸಿದ್ದ ಹೆಂಡತಿಯ ಪಕ್ಕದಲ್ಲೇ ಹಾದು ಕೊಟ್ಟಿಗೆಗೆ ಹೋದ. ಹೆಂಗಸರು ಅಳು ನಿಲ್ಲಿಸಿ ದಾರಿ ಬಿಟ್ಟರು. ಅವಳ ದೊಡ್ಡ ಹಸು ಗರಿಗಳನ್ನು ಮೂತಿಯಿಂದ ಸರಿಸಿ ಮೊದಲು ತೆನೆಗೇ ಬಾಯಿ ಹಾಕಿತು. ಅದಕ್ಕೆ ಕಚ್ಚಲು ಸುಲಭವಾಗಲೆಂದು ನಾಗಯ್ಯ ದಂಟಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಹಸುವಿನ ಬಾಯಂಚಿನಿಂದ ಕಾಳಿನ ಹಾಲು ಬೆಳ್ಳಗೆ ಅವನ ಮುಂಗೈ ಮೇಲೆ ಇಳಿಯಿತು.