ಮೊದಲು ಮಾತಾಡಬೇಕಾದವನು

ಅವನು ಬ್ರೈಲ್ ಪುಸ್ತಕಗಳನ್ನು ಅಚ್ಚು ಮಾಡುವವನು. ಅಂಧರ ಸಂಘದ ನೆಲಮಾಳಿಗೆಯಲ್ಲಿ ಒಂದು ಕಾಲಕ್ಕೆ ಆರು ಜನ ದುಡಿಯುತ್ತಿದ್ದ ಕೋಣೆಯಲ್ಲಿ ಈಗ ಅವನೊಬ್ಬನೇ. ಯಂತ್ರ ಕಾಗದದ ಮೇಲೆ ಚುಕ್ಕಿ ಒತ್ತತೊಡಗಿದರೆ ಪಕ್ಕದವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲವಾದ್ದರಿಂದ ಈಗ ಆ ತೊಂದರೆ ತಪ್ಪಿತ್ತು.

ಮೊದಲಿನಿಂದಲೂ ಅವನದು ಮಾತು ಕಡಿಮೆ. ‘ಇವನ ಬಾಯಿಂದ ಮಾತು ತೆಗೆಯೋಕೆ ಇಕ್ಕಳ ಬೇಕು’ ಎಂದು ತಾಯಿ ಬದುಕಿರುವಷ್ಟು ದಿನ ನಗುತ್ತಿದ್ದರು. ತಾಯಿ ಹೋದ ಮೇಲೆ ಇಕ್ಕಳ ಹಿಡಿಯುವವರು ಒಬ್ಬರೇ ಉಳಿದಿದ್ದರು, ಸಂಘಕ್ಕೆ ಕರಡು ತಿದ್ದಿಕೊಡುವ, ಅವನು ಅಕ್ಕ ಎಂದು ಕರೆಯುವ ಹೆಂಗಸು.

ಅಕ್ಕ ಹುಟ್ಟಿನಿಂದ ಕಣ್ಣು ಕಾಣದವರು. ಊರಿನ ಇನ್ನೊಂದು ತುದಿಯ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಇವನು ಇಲ್ಲಿಂದ ಕಳಿಸಿದ ಪುಟ ಅವರ ಕಂಪ್ಯೂಟರಿಗೆ ಜೋಡಿಸಿದ್ದ ಬ್ರೈಲ್ ಪಟ್ಟಿಯಲ್ಲಿ ಒಂದೊಂದೇ ಸಾಲಾಗಿ ಉಬ್ಬು ಚುಕ್ಕಿಗಳಾಗಿ ಏಳುತ್ತಿತ್ತು. ಬೆರಳಾಡಿಸಿ ಓದಿ, ಸಿಕ್ಕ ತಪ್ಪನ್ನು ಅವರು ಬರೆದು ಕಳಿಸಿದರೆ ಅದು ಇವನ ಅಚ್ಚಿನ ಪ್ರೋಗ್ರಾಮಿನ ಕೆಳಗಿನ ಸಣ್ಣ ಚೌಕದಲ್ಲಿ ಮೂಡುತ್ತಿತ್ತು.

‘ತಮ್ಮಾ, ನಲವತ್ತೊಂದನೇ ಪುಟ, ಆರನೇ ಸಾಲು. ಹಾಲು ಕಾಯಿಸಿ ಅನ್ನೋದು ಹಲ್ಲು ಕಾಯಿಸಿ ಆಗಿದೆ. ಕಾಯಿಸಿದ ಮೇಲೆ ಕೆನೆ ಬರುತ್ತಾ?’

ಇವನು ಒಬ್ಬನೇ ನಗುತ್ತಿದ್ದ. ‘ಸರಿ ಅಕ್ಕ’ ಎಂದಷ್ಟೇ ಬರೆಯುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಅವರಿಬ್ಬರೂ ಮುಖಾಮುಖಿ ಆದದ್ದು ಎರಡೇ ಸಲ.

ಒಂದು ದಿನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಅಚ್ಚಿನ ಪ್ರೋಗ್ರಾಮ್ ಓಬೀರಾಯನ ಕಾಲದ್ದು, ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ರಿಪೇರಿ ಮಾಡುವಾಕೆ ಬಂದು ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸ ಲ್ಯಾಪ್‌ಟಾಪಿಗೆ ಇಳಿಸಿದಳು.

“ಈ ಕಿಟಕಿಯೊಳಗೆ ನಿಮ್ಮ ಹಳೇ ಕಂಪ್ಯೂಟರ್ ಹಾಗೇ ಇದೆ ಸರ್. ವರ್ಚುವಲ್ ಮಷಿನ್ ಅಂತಾರೆ. ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್.”

ಅಚ್ಚೇನೋ ಶುರುವಾಯಿತು. ಆದರೆ ಹಳೆಯ ಇಂಟರ್ನೆಟ್ ತಂತಿಯನ್ನು ಸಂಘದವರು ಕಿತ್ತುಹಾಕಿದ್ದರು. ಮೇಲಿನ ಮಹಡಿಯ ಆಫೀಸಿನ ವೈಫೈ ಲ್ಯಾಪ್‌ಟಾಪಿಗೆ ಸಿಗುತ್ತಿತ್ತು, ಒಳಗಿನ ಕಂಪ್ಯೂಟರಿಗೆ ಸಿಗುತ್ತಿರಲಿಲ್ಲ; ಹಾಗಾಗಿ ಅಕ್ಕನಿಗೆ ಪುಟ ಕಳಿಸುವಂತಿರಲಿಲ್ಲ. ಬೇರೆ ಕೆಲಸವಿದೆಯೆಂದು ಹೋದ ರಿಪೇರಿಯಾಕೆ ಮೂರು ವಾರ ಇತ್ತ ತಲೆ ಹಾಕಲಿಲ್ಲ.

ಆ ಮೂರು ವಾರ ಅವನು ತಾನೇ ಕಣ್ಣಿನಿಂದ ಚುಕ್ಕಿ ಎಣಿಸಿ ಕರಡು ನೋಡಿದ. ಅಕ್ಕನ ಫೋನ್ ನಂಬರು ಗೋಡೆಯ ಮೇಲೇ ಇತ್ತು. ಎರಡು ಸಲ ಫೋನ್ ಕೈಗೆತ್ತಿಕೊಂಡು, ಏನು ಹೇಳುವುದೆಂದು ತೋಚದೆ ಕೆಳಗಿಟ್ಟ. ಆಫೀಸಿನವರು ಅವರಿಗೆ ತಿಳಿಸಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಅತ್ತಲಿಂದಲೂ ಫೋನ್ ಬರಲಿಲ್ಲ.

ಕೊನೆಗೂ ಬಂದ ರಿಪೇರಿಯಾಕೆ ಒಳಗಿನ ಕಂಪ್ಯೂಟರನ್ನು ನೇರವಾಗಿ ವೈಫೈಗೆ ಸೇರಿಸಲು ಅರ್ಧ ಗಂಟೆ ಹೆಣಗಿದಳು. “ಒಂದು ಲ್ಯಾಪ್‌ಟಾಪಿಗೆ ಒಂದೇ ವಿಳಾಸ ಅಂತ ಈ ವೈಫೈ ಹಟ ಹಿಡಿದು ಕೂತಿದೆ. ಎರಡನೆಯವರಿಗೆ ಬಾಗಿಲು ತೆಗೀತಿಲ್ಲ,” ಎಂದು ಬೇರೆಯದೇನನ್ನೋ ಆಯ್ದಳು. “ಈಗ ನೋಡಿ. ಹೊರಗಿನದು ತನಗೆ ಸಿಕ್ಕಿದ್ದನ್ನ ಒಳಗಿನದಕ್ಕೆ ಹಂಚುತ್ತೆ. ಆದ್ರೆ ಒಂದು ವಿಷಯ ಇದೆ. ಇಲ್ಲಿಂದ ಯಾರನ್ನ ಬೇಕಾದ್ರೂ ಕರೀಬಹುದು. ಹೊರಗಿನವರಿಗೆ ಮಾತ್ರ ಒಳಗೊಂದು ಕಂಪ್ಯೂಟರ್ ಇದೆ ಅಂತಾನೇ ಗೊತ್ತಾಗಲ್ಲ.”

“ಅಂದ್ರೆ ಅಕ್ಕ ಮೊದಲು ಬರೆಯೋಕಾಗಲ್ವಾ?”

“ಆಗಲ್ಲ. ನೀವು ಶುರು ಮಾಡಿದ ಮೇಲೆ ಅವರು ಎಷ್ಟು ಬೇಕಾದ್ರೂ ಬರೀಬಹುದು.”

“ಬೇರೆ ದಾರಿ ಇಲ್ವಾ?”

“ಮೇಲಿನವರ ವೈಫೈ ಡಬ್ಬಿ ಬಿಚ್ಚಿ ಬದಲಾಯಿಸ್ಬೇಕು. ಅವರು ಹತ್ರಾನೂ ಸೇರಿಸಲ್ಲ.” ಅವಳು ಚೀಲ ಹೆಗಲಿಗೇರಿಸಿದಳು. “ಒಂದು ಮಾತು ಬರೆಯೋದು ತಾನೇ ಸರ್?”

ಒಂದು ಮಾತು. ಅವನು ಬರೆದ, ಅಳಿಸಿದ. ಪುಟದ ಸಂಖ್ಯೆ ಹಾಕಿದ, ಅದನ್ನೂ ಅಳಿಸಿದ. ಕೊನೆಗೆ ‘ಅಕ್ಕ, ನಾನು’ ಎಂದು ಕಳಿಸಿ ಕೈ ಹಿಂದಕ್ಕೆ ಎಳೆದುಕೊಂಡ. ಊಟದ ಡಬ್ಬಿ ಬಿಚ್ಚಿ, ಉಂಡು, ತೊಳೆದಿಟ್ಟ ಮೇಲೆ ಉತ್ತರ ಬಂತು.

‘ತಮ್ಮಾ? ನೀನೇ ಮೊದಲು ಬರೆದೆಯಾ? ಮೈಯಲ್ಲಿ ಹುಷಾರಿದೆ ತಾನೆ?’

ಕಂಪ್ಯೂಟರ್ ಕೆಟ್ಟ ಕತೆಯನ್ನು ಅವನು ಬರೆದ. ಆಮೇಲೆ, ತನಗೇ ತಿಳಿಯದಂತೆ, ‘ಮೂರು ವಾರದಿಂದ ಯಾರ ಹತ್ರಾನೂ ಸರಿಯಾಗಿ ಮಾತಾಡಿಲ್ಲ’ ಎಂದೂ ಬರೆದುಬಿಟ್ಟ.

ಅಕ್ಕನ ಉತ್ತರ ಚೌಕದಲ್ಲಿ ಮೂಡಿತು.

‘ನಾನು ಹಿಡಿಯದೆ ಬಿಡೋ ತಪ್ಪು ಗೊತ್ತಾಗಿ ನೀವೆಲ್ಲ ಬೇರೆಯವರನ್ನ ಇಟ್ಕೊಂಡ್ರಿ ಅಂದ್ಕೊಂಡಿದ್ದೆ. ಫೋನ್ ಮಾಡಿ ಕೇಳೋಕೆ ಧೈರ್ಯ ಬರಲಿಲ್ಲ.’

‘ಯಾವ ತಪ್ಪು ಅಕ್ಕ?’

‘ಸುಳ್ಳು ಹೇಳ್ಬೇಡ. ಸಕ್ಕರೆ ಕಾಯಿಲೆ. ಬೆರಳ ತುದಿ ಜೋಮು ಹಿಡಿದ ಹಾಗಿದೆ. ಬಲಗೈ ಹೋಯ್ತು ಅಂತ ಎಡಗೈಯಲ್ಲಿ ಓದ್ತಿದ್ದೆ. ಈಗ ಅದಕ್ಕೂ ಚುಕ್ಕಿ ತಾಗಲ್ಲ. ನೀನು ಬರೆದದ್ದನ್ನ ಕಂಪ್ಯೂಟರ್ ಗಟ್ಟಿಯಾಗಿ ಓದ್ತಿದೆ. ಅದರ ದನಿಯಲ್ಲಿ ನಿನ್ನ ಮಾತು ಕೇಳೋಕೆ ಏನೋ ಒಂಥರಾ.’

ಅವನಿಗೆ ಗೊತ್ತಿತ್ತು. ಒಂದು ವರ್ಷದಿಂದ ಅಕ್ಕ ನೋಡಿ ಕಳಿಸಿದ ಪುಟಗಳಲ್ಲಿ ತಪ್ಪು ಉಳಿಯುತ್ತಿತ್ತು. ಯಾರಿಗೂ ಬಾಯಿ ಬಿಡದೆ ತಾನೇ ತಿದ್ದುತ್ತಿದ್ದ. ಅದು ತಾನು ಮಾಡುವ ಉಪಕಾರ ಎಂದುಕೊಂಡಿದ್ದ.

ಗೋಡೆ ನೋಡಿ ನಂಬರು ಒತ್ತಿದ. ಅಕ್ಕ ಎತ್ತಿದರು.

“ಅಕ್ಕ, ನನಗೆ ಗೊತ್ತಿತ್ತು. ತಿದ್ದುತ್ತಾ ಇದ್ದೆ.”

“ಒಂದು ಮಾತು ಹೇಳಬಾರದಿತ್ತಾ? ಒಬ್ಬಳೇ ಎಷ್ಟು ಹೆದರಿದ್ದೆ ಗೊತ್ತಾ?”

“ಹೇಗೆ ಹೇಳೋದು ಅಂತ ತಿಳೀಲಿಲ್ಲ.”

“ಗೊತ್ತು ಬಿಡು. ನಿನಗೆ ಅದೊಂದು ತಿಳಿಯೋದೇ ಇಲ್ಲ.” ಅಕ್ಕ ನಕ್ಕರೋ ಮೂಗು ಒರೆಸಿಕೊಂಡರೋ ಗೊತ್ತಾಗಲಿಲ್ಲ. “ಈ ತಿಂಗಳಿಗೆ ಕೆಲಸ ಬಿಡ್ತೀನಿ.”

“ಮನೆಗೆ ಬರಲಾ ಅಕ್ಕ?”

“ಬೇಡ ತಮ್ಮಾ, ಈಗ ಬೇಡ. ಮನೆ ತುಂಬಾ ಪುಸ್ತಕ. ನೀನೇ ಅಚ್ಚು ಮಾಡಿದ್ದು. ನೀನು ಬಂದ್ರೆ ಅದರದ್ದೇ ಮಾತು ಬರುತ್ತೆ. ನನ್ನ ಕೈಲಾಗಲ್ಲ.”

ತಿಂಗಳು ಮುಗಿಯಿತು. ಅಕ್ಕನ ಜಾಗಕ್ಕೆ ಯಾರೂ ಬರಲಿಲ್ಲ. ಬೆಳಿಗ್ಗೆ ಬಂದು ಒಳಗಿನ ಕಂಪ್ಯೂಟರ್ ತೆರೆದ ಕೂಡಲೇ ಅವನು ಅಕ್ಕನಿಗೆ ಒಂದು ಸಾಲು ಬರೆಯುತ್ತಾನೆ. ಕೆಲವು ದಿನ ಉತ್ತರ ಬರುತ್ತದೆ. ಬಹಳ ದಿನ ಬರುವುದಿಲ್ಲ.

ಇವತ್ತು ಬರೆದದ್ದು ಇಷ್ಟು: ‘ಅಕ್ಕ, ಮಕ್ಕಳ ಭೂಗೋಳ ಅಚ್ಚಿಗೆ ಹೋಗ್ತಿದೆ. ಒಂದು ನದಿ ಬೆಟ್ಟ ಹತ್ತಿ ಹೋಗಿತ್ತು, ಇಳಿಸಿದ್ದೀನಿ.’

ಮೇಲಿನ ಆಫೀಸಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದು. ಅವನು ಇನ್ನೂ ಸ್ವಲ್ಪ ಹೊತ್ತು ಚೌಕವನ್ನು ನೋಡುತ್ತ ಕೂತಿದ್ದು, ಎದ್ದುಹೋಗಿ ಯಂತ್ರಕ್ಕೆ ಕಾಗದ ಹಾಕಿದ.